ಕೃಪೆ ಬೇಡ, ಕೂಲಿ ಕೊಡಿ

ನಮ್ಮ ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ, ಸ್ಮರಣಸಂಚಿಕೆಗಳಲ್ಲಿ ಚಿತ್ರದ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಚಿತ್ರಕೃಪೆ’ ಎಂದು ಅಚ್ಚಾಗಿರುವುದನ್ನು ವಾಚಕರು ಕಂಡಿರಬಹುದು. ಆ ಮಾತಿನ ಮುಂದೆ ಕೆಲವು ವೇಳೆ ಒಬ್ಬರ ಹೆಸರಿರುತ್ತದೆ. ಹಲವು ವೇಳೆ ‘ಅಂತರ್ಜಾಲ’ ಎಂದಿರುತ್ತದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಜೀವನ ಮಾಡುವ ನನಗೆ ಕ್ಯಾಮರಾದ ಒಳಮರ್ಮಗಳು ತಿಳಿಯವು. ಶಬ್ದಗಳ ಮರ್ಮ ಸ್ವಲ್ಪ ತಿಳಿದೀತು. ಕೃಪೆ ಎಂದರೆ ಕೊಡುವವನು ತಾನಾಗಿ ಇಷ್ಟಪಟ್ಟು ತೋರುವ ಕರುಣೆ. ಅಂತರ್ಜಾಲಕ್ಕೆ ಕರುಣೆ ಎಲ್ಲಿಂದ ಬಂತು? ದೇವರಾಜ ಮಾರುಕಟ್ಟೆಗೆ ಹೋಗಿ ಯಾರದೋ ಬುಟ್ಟಿಯಿಂದ ನಾಲ್ಕು ಮೊಳ ಮಲ್ಲಿಗೆ ಎತ್ತಿಕೊಂಡು ‘ಇದು ಮಾರುಕಟ್ಟೆಯ ಕೃಪೆ’ ಎಂದು ಹೊರಟರೆ ಹೂವಾಡಗಿತ್ತಿ ಸುಮ್ಮನೆ ಬಿಡುತ್ತಾಳೆಯೆ? ಹೂವಿನ ವಿಷಯದಲ್ಲಿ ಕಳವು ಎನಿಸುವುದು ಚಿತ್ರದ ವಿಷಯದಲ್ಲಿ ಕೃಪೆ ಹೇಗಾಯಿತು ಎಂಬುದೇ ನನ್ನ ಪ್ರಶ್ನೆ.

ನಾನು ಹೇಳಹೊರಟಿರುವುದು ಅಂಗಡಿ ಬೀದಿಯಲ್ಲಿ ಫಲಕ ಹಾಕಿಕೊಂಡ ಸ್ಟುಡಿಯೋದವರ ಮಾತಲ್ಲ. ಪತ್ರಿಕೆಗಳಲ್ಲಿ ಸಂಬಳಕ್ಕಿರುವವರ ಮಾತೂ ಅಲ್ಲ. ಯಾರ ಸಂಬಳವೂ ಇಲ್ಲದೆ, ಒಂದು ಕ್ಯಾಮರಾ ಚೀಲವನ್ನೂ ಒಂದು ಸ್ಕೂಟರನ್ನೂ ನಂಬಿಕೊಂಡು, ಇಂದು ಮದುವೆ, ನಾಳೆ ನಾಟಕ, ನಾಡಿದ್ದು ಪುಸ್ತಕ ಬಿಡುಗಡೆ ಎಂದು ಈ ಮೈಸೂರಿನಲ್ಲಿ ಅಲೆಯುವ ಸ್ವತಂತ್ರ ಛಾಯಾಗ್ರಾಹಕರ ಮಾತು. ಇವರ ಕಸುಬನ್ನು ನಾವು, ಅದರಲ್ಲಿಯೂ ಸಾಹಿತ್ಯ, ಸಂಸ್ಕೃತಿ ಎಂದು ದಿನವೂ ಮಾತನಾಡುವ ನಾವು, ಬಿಟ್ಟಿಯಾಗಿ ತಿನ್ನುತ್ತಿದ್ದೇವೆ. ‘ಬಿಟ್ಟಿ’ ಎಂಬುದು ಬಿರುಸು ಮಾತೆಂದು ಕೆಲವರಿಗೆ ತೋರಬಹುದು. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಈ ಶಬ್ದ ನಮ್ಮ ಶಾಸನಗಳಲ್ಲಿಯೇ ಉಂಟು. ಆಳುವವರಿಗೆ ಪ್ರಜೆ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆಗೆ ಆ ಹೆಸರು. ಆಳುವವರು ಹೋದರು, ಕಾರ್ಯದರ್ಶಿಗಳು ಬಂದರು.

ನಮ್ಮ ಊರಿನ ಯಾವುದಾದರೂ ಸಮಾರಂಭದ ಲೆಕ್ಕಪತ್ರ ತೆಗೆದು ನೋಡಿ. ಮುಂಗಡ ಕೊಡದೆ ಶಾಮಿಯಾನದವನು ಗೂಟ ನೆಡುವುದಿಲ್ಲ. ಬಾಡಿಗೆ ನಿಂತರೆ ಮೈಕ್‌ಸೆಟ್ಟಿನವನ ಮೈಕು ಮುಂದಿನ ವರ್ಷ ಕೂಗುವುದಿಲ್ಲ. ಉಪ್ಪಿಟ್ಟು ಕೇಸರಿಭಾತು ಮಾಡಿದ ಭಟ್ಟರಿಗೆ ಅಂದೇ ಹಣ. ಮುಖ್ಯ ಅತಿಥಿಗಳಿಗೆ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಬ್ಯಾನರು ಬರೆದವನಿಗೂ ಚದರಡಿ ಲೆಕ್ಕದಲ್ಲಿ ಸಂದಾಯ. ಪಟ್ಟಿಯ ಕೊನೆಯಲ್ಲಿ ‘ಫೋಟೋ’ ಎಂದಿದ್ದರೆ ಅದರ ಎದುರು ಒಂದು ಗೀಟು. ಕೇಳಿದರೆ ಉತ್ತರ ಸಿದ್ಧವಾಗಿದೆ: ‘ಅವನು ನಮ್ಮ ಹುಡುಗನೇ.’ ಭಟ್ಟರು ಯಾರ ಹುಡುಗರೂ ಅಲ್ಲ, ಶಾಮಿಯಾನದವನು ಯಾರ ಹುಡುಗನೂ ಅಲ್ಲ; ಫೋಟೋದವನೊಬ್ಬನೇ ಎಲ್ಲರ ಮನೆಯ ಹುಡುಗ!

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಬಿ.ಎ. ಮುಗಿಸಿ, ಸಾಲ ಮಾಡಿ ಕ್ಯಾಮರಾ ಕೊಂಡು, ಈ ಕಸುಬಿಗೆ ಇಳಿದವನು. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಮೂರು ದಿನದ ವಿಚಾರಸಂಕಿರಣಕ್ಕೆ ಅವನನ್ನು ಕರೆದರು. ಇವನು ಸಂಕೋಚದಿಂದಲೇ ತನ್ನ ದರ ಹೇಳಿದ. ಕಾರ್ಯದರ್ಶಿಗಳು ನಕ್ಕರು. “ಅಲ್ಲಪ್ಪಾ, ಗುಂಡಿ ಒತ್ತೋದಕ್ಕೆ ಇಷ್ಟೊಂದು ಕೇಳ್ತೀಯಲ್ಲ! ಮಂತ್ರಿಗಳು ಬರ್ತಾರೆ, ದೊಡ್ಡ ದೊಡ್ಡ ಸಾಹಿತಿಗಳು ಬರ್ತಾರೆ. ನಿನಗೆ ಎಷ್ಟು ಪ್ರಚಾರ ಸಿಗುತ್ತೆ ಯೋಚನೆ ಮಾಡು.” ಹುಡುಗ ಒಪ್ಪಿಕೊಂಡ. ಮೂರು ದಿನ ನಿಂತು ತೆಗೆದ. ಮೂರು ರಾತ್ರಿ ಕೂತು ಆರಿಸಿ, ಬಣ್ಣ ತಿದ್ದಿ ಕಳಿಸಿದ. ಆಮೇಲೆ ಬಂದ ಸ್ಮರಣಸಂಚಿಕೆಯ ರಕ್ಷಾಪುಟದಿಂದ ಹಿಡಿದು ಒಳಗಿನ ಪುಟಗಳವರೆಗೆ ಇವನ ಚಿತ್ರಗಳೇ. ಹೆಸರು ಮಾತ್ರ ಎಲ್ಲಿಯೂ ಇಲ್ಲ. ಕಡೆಯ ಪುಟದಲ್ಲಿ ‘ಚಿತ್ರಕೃಪೆ: ಸಂಗ್ರಹ’ ಎಂದು ಒಂದು ಸಾಲು. ಸಂಚಿಕೆಯನ್ನು ನನಗೆ ತೋರಿಸಿ ಅವನು ಹೇಳಿದ: “ಸಾರ್, ಇನ್ನು ಮೇಲೆ ನನ್ನ ಹೆಸರನ್ನೇ ಸಂಗ್ರಹ ಅಂತ ಬದಲಾಯಿಸಿಕೊಳ್ತೀನಿ. ಆಗಲಾದರೂ ಪ್ರಚಾರ ಸಿಗುತ್ತೆ.”

ಈ ‘ಪ್ರಚಾರ’ ಎಂಬ ನಾಣ್ಯವನ್ನು ಸ್ವಲ್ಪ ಕುಟ್ಟಿ ನೋಡೋಣ. ಹೆಸರಿಲ್ಲದ ಚಿತ್ರ ಊರೆಲ್ಲ ಸುತ್ತಿದರೆ ಪ್ರಚಾರವಾದದ್ದು ಚಿತ್ರದಲ್ಲಿ ಶಾಲು ಹೊದ್ದು ನಿಂತವರಿಗೆ, ತೆಗೆದವನಿಗಲ್ಲ. ಹೋಗಲಿ, ಹೆಸರನ್ನೂ ಹಾಕಿದರು ಎನ್ನೋಣ. ಆಗ ಹರಡುವ ಸುದ್ದಿ ಯಾವುದು? ‘ಈತ ಚೆನ್ನಾಗಿ ತೆಗೆಯುತ್ತಾನೆ’ ಎಂಬುದರ ಜೊತೆಗೆ ‘ಈತ ಪುಕ್ಕಟೆ ತೆಗೆಯುತ್ತಾನೆ’ ಎಂಬುದೂ ಹರಡುತ್ತದೆ. ಮುಂದಿನ ವಾರ ಅವನ ಬಾಗಿಲಿಗೆ ಬರುವವರು ಇನ್ನೂ ನಾಲ್ಕು ಸಂಘಗಳ ಕಾರ್ಯದರ್ಶಿಗಳೇ ಹೊರತು ಹಣ ಕೊಡುವ ಗಿರಾಕಿಯಲ್ಲ. ಪ್ರಚಾರದಿಂದ ದಿನಸಿ ಅಂಗಡಿಯವನ ಬಾಕಿ ತೀರುವುದಿಲ್ಲ, ಕ್ಯಾಮರಾ ಸಾಲದ ಕಂತು ತುಂಬುವುದಿಲ್ಲ.

ಖರ್ಚಿನ ಮಾತು ಬಂತು. ಗುಂಡಿ ಒತ್ತುವ ಕ್ಷಣವನ್ನಷ್ಟೇ ನಾವು ಕಾಣುತ್ತೇವೆ. ಕ್ಯಾಮರಾ ಒಂದಿದ್ದರೆ ಸಾಲದು. ಮದುವೆಯ ಮಂಟಪದಲ್ಲಿ ಒಂದು ಕೈಕೊಟ್ಟರೆ ಮಾಂಗಲ್ಯಧಾರಣೆಯನ್ನು ಎರಡನೆಯ ಸಲ ಮಾಡಿಸಲಾಗದು, ಆದ್ದರಿಂದ ಎರಡು ಬೇಕು. ಲೆನ್ಸುಗಳು, ಬ್ಯಾಟರಿಗಳು, ಫ್ಲಾಷು, ಕಂಪ್ಯೂಟರು, ಚಿತ್ರಗಳನ್ನು ಎರಡು ಕಡೆ ಜೋಪಾನ ಮಾಡಲು ಹಾರ್ಡ್ ಡಿಸ್ಕು, ಬಣ್ಣ ತಿದ್ದುವ ತಂತ್ರಾಂಶಕ್ಕೆ ತಿಂಗಳ ಬಾಡಿಗೆ, ಜೊತೆಗೆ ಬೆಳಕು ಹಿಡಿಯುವ ಹುಡುಗನ ದಿನಗೂಲಿ. ಒಂದು ದಿನ ತೆಗೆದದ್ದನ್ನು ಆರಿಸಿ ಒಪ್ಪ ಮಾಡಲು ಹಲವು ದಿನ. ಆದಾಯವೋ ಪಂಚಾಂಗವನ್ನು ನೋಡಿಕೊಂಡು ಬರತಕ್ಕದ್ದು. ಆಷಾಢದಲ್ಲಿ ಮೈಸೂರಿನ ಜನ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಸಾಲುಗಟ್ಟುತ್ತಾರೆ, ಮದುವೆ ಇಟ್ಟುಕೊಳ್ಳುವುದಿಲ್ಲ. ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಆ ದಿನಗಳಲ್ಲಿ ಮನೆಯ ಬಾಡಿಗೆಗೆ ಮುಹೂರ್ತ ನೋಡುವ ಮಾಲೀಕರನ್ನು ನಾನು ಕಂಡಿಲ್ಲ. ಮದುವೆಯಿಲ್ಲದ ಈ ಬಿಡುವಿನಲ್ಲಿಯೇ ನಮ್ಮ ಸಂಘ ಸಂಸ್ಥೆಗಳು ‘ಹೇಗೂ ಖಾಲಿ ಇದ್ದೀಯಲ್ಲ, ಬಾ’ ಎಂದು ಕರೆಯುವುದು.

“ದೊಡ್ಡ ಛಾಯಾಗ್ರಾಹಕರೆಲ್ಲ ಹೀಗೆಯೇ ಪುಕ್ಕಟೆ ದುಡಿದು ಮೇಲೆ ಬಂದವರು” ಎಂದು ಉಪದೇಶ ಮಾಡುವವರಿದ್ದಾರೆ. ಅವರಿಗೆ ನಮ್ಮೂರಿನವರೇ ಆದ ಟಿ. ಎಸ್. ಸತ್ಯನ್ ಅವರನ್ನು ನೆನಪಿಸಬೇಕು. 1923ರಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ‘ಡೆಕ್ಕನ್ ಹೆರಾಲ್ಡ್’ನಲ್ಲಿಯೂ ಬೊಂಬಾಯಿಯ ‘ಇಲಸ್ಟ್ರೇಟೆಡ್ ವೀಕ್ಲಿ’ಯಲ್ಲಿಯೂ ಕೆಲಸ ಮಾಡಿ, ಆಮೇಲೆ ಸಂಬಳದ ನೌಕರಿಯನ್ನು ಬಿಟ್ಟು ದಶಕಗಳ ಕಾಲ ಸ್ವತಂತ್ರರಾಗಿ ದುಡಿದವರು ಅವರು. ಅಮೆರಿಕದ ‘ಲೈಫ್’ ಪತ್ರಿಕೆಗೆ ತೆಗೆದರು; ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಚಿತ್ರಗಳಲ್ಲಿ ದಾಖಲಿಸಿದರು; ಯುನಿಸೆಫ್‌ಗೆ ಮಕ್ಕಳ ಚಿತ್ರಗಳನ್ನು ತೆಗೆದರು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. 1977ರಲ್ಲಿ ಪದ್ಮಶ್ರೀ ಬಂತು. ಕಡೆಗಾಲದಲ್ಲಿ ಮೈಸೂರಿನಲ್ಲಿಯೇ ನೆಲೆಸಿ 2009ರಲ್ಲಿ ತೀರಿಕೊಂಡರು. ಕ್ಯಾಮರಾವನ್ನೇ ನಂಬಿ ಒಬ್ಬ ಮನುಷ್ಯ ಮರ್ಯಾದೆಯಿಂದ ಸಂಸಾರ ನಡೆಸಬಹುದೆಂದು ಅವರ ಬಾಳು ತೋರಿಸಿತು. ಅದು ಸಾಧ್ಯವಾದದ್ದು ಅವರ ಪ್ರತಿಭೆಯೊಂದರಿಂದಲೇ ಅಲ್ಲ; ಚಿತ್ರವನ್ನು ಕೆಲಸವೆಂದು ತಿಳಿದು ಹಣ ಕೊಟ್ಟು ಕೊಳ್ಳುವ ಪತ್ರಿಕೆಗಳೂ ಸಂಸ್ಥೆಗಳೂ ಇದ್ದುವು ಎಂಬುದರಿಂದ. ಅಂಥ ಇನ್ನೊಬ್ಬ ಹುಡುಗ ಇಂದು ಮೈಸೂರಿನಲ್ಲಿ ಹುಟ್ಟಿದ್ದರೆ ನಾವು ಅವನಿಗೆ ಏನು ಕೊಡುತ್ತೇವೆ? ಊಟದ ಕೂಪನ್ನು!

ಅರಮನೆಗೆ ಹೋದವರು ಕಲ್ಯಾಣಮಂಟಪದ ಗೋಡೆಗಳ ಮೇಲೆ ಜಂಬೂಸವಾರಿಯ ದೊಡ್ಡ ವರ್ಣಚಿತ್ರಗಳನ್ನು ನೋಡಿರುತ್ತಾರೆ. ಕುದುರೆ, ಆನೆ, ಪೇಟ, ನಿಶಾನೆ, ಬೀದಿಯ ಜನ ಎಲ್ಲವೂ ಕಣ್ಣಿಗೆ ಕಟ್ಟುವಂತಿವೆ. ಕಲಾವಿದರು ಅವನ್ನು ಬರೆದದ್ದು ಮೆರವಣಿಗೆಯ ನಿಜವಾದ ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು. ಬಣ್ಣ ಬರೆದವರು ಯಾರೆಂದು ಕೇಳುವ ಪ್ರವಾಸಿಗಳಿದ್ದಾರೆ. ಆ ಛಾಯಾಚಿತ್ರಗಳಿಗಾಗಿ ಬಿಸಿಲಿನಲ್ಲಿ ನಿಂತವರು ಯಾರೆಂದು ಕೇಳಿದವರು ಎಷ್ಟು ಮಂದಿ? ನಮ್ಮ ಮರೆವು ನಿನ್ನೆಯದಲ್ಲ.

ಇನ್ನು ಕಾನೂನು. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕವಿತೆಯಂತೆ ಛಾಯಾಚಿತ್ರಕ್ಕೂ ಸ್ವಾಮ್ಯವುಂಟು. ಅದರ 17ನೆಯ ಕಲಮನ್ನು ನಮ್ಮ ಕಾರ್ಯದರ್ಶಿಗಳು ಒಮ್ಮೆ ಓದಬೇಕು. ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಣ ಕೊಟ್ಟು ಹೇಳಿ ತೆಗೆಸಿಕೊಂಡವನೇ ಚಿತ್ರದ ಮೊದಲ ಒಡೆಯ ಎಂದು ಅದು ಹೇಳುತ್ತದೆ. ಹಾಗಾದರೆ ಹಣ ಕೊಡದೆ ತೆಗೆಸಿಕೊಂಡವನ ಗತಿ? ಆ ಚಿತ್ರದ ಒಡೆತನ, ತೆಗೆದವನು ಯಾರ ನೌಕರನೂ ಅಲ್ಲದಿದ್ದರೆ, ತೆಗೆದವನ ಬಳಿಯೇ ಉಳಿಯುತ್ತದೆ! ಪುಕ್ಕಟೆ ಸಿಕ್ಕಿತೆಂದು ಹಿಗ್ಗಿದವರು ನಿಜವಾಗಿ ಏನನ್ನೂ ಕೊಂಡಿರುವುದಿಲ್ಲ. ಒಡೆತನ ಕೈಬಿಟ್ಟ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಇರುತ್ತದೆಂದು 57ನೆಯ ಕಲಮು ಹೇಳುತ್ತದೆ. 2012ರ ತಿದ್ದುಪಡಿಯ ಮೇಲೆ, ಕವಿಗೆ ಇರುವಂತೆಯೇ ಛಾಯಾಗ್ರಾಹಕನಿಗೂ ಸ್ವಾಮ್ಯದ ಅವಧಿ ಅವನ ಜೀವಮಾನ ಮತ್ತು ಅನಂತರ 60 ವರ್ಷ. ತಮ್ಮ ಕವಿತೆಯ ಒಂದು ಚರಣವನ್ನು ಯಾರಾದರೂ ಹೆಸರಿಲ್ಲದೆ ಬಳಸಿದರೆ ಸಂಪಾದಕರಿಗೆ ಉರಿಯುವ ಪತ್ರ ಬರೆಯುವ ನಮ್ಮ ಲೇಖಕರು, ಅದೇ ಕವಿತಾ ಸಂಕಲನದ ಹಿಂಬದಿಯಲ್ಲಿ ತಮ್ಮ ಭಾವಚಿತ್ರ ತೆಗೆದವನ ಹೆಸರು ಹಾಕಿಸಿದ್ದಾರೆಯೆ? ಕಪಾಟಿನಿಂದ ಹತ್ತು ಪುಸ್ತಕ ತೆಗೆದು ನೋಡಿ. ಎಷ್ಟರಲ್ಲಿ ಆ ಹೆಸರಿದೆ ಎಂದು ನೀವೇ ಎಣಿಸಿಕೊಳ್ಳಿ.

ಇದಕ್ಕೆ ಬರುವ ಆಕ್ಷೇಪಣೆಗಳನ್ನೂ ನಾನು ಬಲ್ಲೆ. “ನಮ್ಮದು ಬಡ ಸಂಘ, ಹಣವೆಲ್ಲಿದೆ?” ಎನ್ನುತ್ತಾರೆ. ನಿಜವಿರಬಹುದು. ಹಾಗಿದ್ದರೆ ನೇರವಾಗಿ ದಾನ ಕೇಳಿ. ಐದುನೂರು ರೂಪಾಯಿ ಕೊಟ್ಟವರ ಹೆಸರನ್ನು ದಾನಿಗಳ ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕುವಿರಲ್ಲ, ಒಂದು ದಿನದ ದುಡಿಮೆ ಕೊಟ್ಟವನ ಹೆಸರನ್ನೂ ಆ ದುಡಿಮೆಯ ಬೆಲೆಯೊಡನೆ ಅಲ್ಲಿಯೇ ಹಾಕಿ. ಅವನು ಇಲ್ಲವೆಂದರೆ ಮುಖ ಗಂಟಿಕ್ಕಬೇಡಿ. ದಾನವನ್ನು ದಾನವೆಂದೇ ಕರೆಯಿರಿ. ಪ್ರಚಾರವೆಂಬ ಸುಳ್ಳು ಕೂಲಿಯ ಹೆಸರು ಅದಕ್ಕೆ ಬೇಡ.

“ಎಲ್ಲರ ಜೇಬಿನಲ್ಲಿಯೂ ಕ್ಯಾಮರಾ ಇದೆ, ಇವನೇ ಯಾತಕ್ಕೆ?” ಎಂಬುದು ಎರಡನೆಯದು. ಎಲ್ಲರ ಮನೆಯಲ್ಲಿಯೂ ಲೇಖನಿ ಇದೆ, ಆದರೂ ಕವಿಗೋಷ್ಠಿಗೆ ಎಲ್ಲರನ್ನೂ ಕರೆಯುವುದಿಲ್ಲ. ಜೇಬಿನ ಕ್ಯಾಮರಾ ಸಾಕೆನಿಸಿದರೆ ಅದರಲ್ಲಿಯೇ ತೆಗೆದುಕೊಳ್ಳಿ, ಯಾರ ತಂಟೆಯೂ ಇಲ್ಲ. ಸಾಲದೆಂದು ಇವನನ್ನು ಕರೆದ ಮೇಲೆ ‘ಇದೇನು ಮಹಾ’ ಎನ್ನಬಾರದು. ಈಚೆಗೆ ಮೂರನೆಯದೊಂದು ಹುಟ್ಟಿದೆ: ಕೃತಕ ಬುದ್ಧಿಮತ್ತೆಯ ಯಂತ್ರವೇ ಬೇಕಾದ ಚಿತ್ರ ಮಾಡಿಕೊಡುವಾಗ ಛಾಯಾಗ್ರಾಹಕ ಯಾತಕ್ಕೆ ಎಂಬುದು. ಯಂತ್ರ ಮಾಡಿದ ಚಿತ್ರ ಚೆಲುವಾಗಿರಬಹುದು. ಆದರೆ ನಿಮ್ಮ ಮಗಳ ಧಾರೆಯ ಹೊತ್ತಿನಲ್ಲಿ ನಿಮ್ಮ ತಾಯಿ ಕಣ್ಣೊರಸಿಕೊಂಡದ್ದನ್ನು ಯಂತ್ರ ನೋಡಿಲ್ಲ. ಛಾಯಾಚಿತ್ರಕ್ಕೆ ಬೆಲೆ ಬಂದದ್ದು ಅಲ್ಲಿ ಒಬ್ಬ ಮನುಷ್ಯ ಹಾಜರಿದ್ದು ಕಂಡ ಎಂಬ ಸಾಕ್ಷ್ಯದಿಂದ. ಸುಳ್ಳು ಚಿತ್ರಗಳು ಹೆಚ್ಚಾದಷ್ಟೂ ಆ ಸಾಕ್ಷಿಯ ಹೆಸರು ಕೆಳಗಿರುವುದು ಹೆಚ್ಚು ಅಗತ್ಯ.

ಇಷ್ಟು ಹೇಳಿ ಛಾಯಾಗ್ರಾಹಕರ ಬೆನ್ನು ಚಪ್ಪರಿಸಿ ಬಿಟ್ಟರೆ ಅರ್ಧ ಮಾತು ಹೇಳಿದಂತಾಯಿತು. ಅವರ ಕಷ್ಟದಲ್ಲಿ ಅವರ ಪಾಲೂ ಇದೆ. ಪಕ್ಕದವನು ಹತ್ತು ಸಾವಿರ ಕೇಳಿದನೆಂದು ನಾನು ಆರು ಸಾವಿರಕ್ಕೆ ಬರುತ್ತೇನೆ ಎನ್ನುವವರು, ನಾಳೆ ಮೂರಕ್ಕೆ ಬರುವವನಿಗೆ ದಾರಿ ಮಾಡಿಕೊಟ್ಟಂತೆ. ಇನ್‌ಸ್ಟಾಗ್ರಾಂನಲ್ಲಿ ದಿನಕ್ಕೆ ಐವತ್ತು ಚಿತ್ರ ಹಾಕಿ ಮೆಚ್ಚುಗೆಯ ಹೃದಯಗಳನ್ನು ಎಣಿಸುತ್ತ ಕೂರುವುದು ವ್ಯಾಪಾರವಲ್ಲ. ಆರಿಸಿದ ಇಪ್ಪತ್ತು ಒಳ್ಳೆಯ ಚಿತ್ರಗಳು, ಬರೆದಿಟ್ಟ ದರಪಟ್ಟಿ, ಹೇಳಿದ ದಿನಕ್ಕೆ ಆಲ್ಬಮ್ಮು ಮುಟ್ಟಿಸುವ ನಿಷ್ಠೆ, ಇವು ನಿಜವಾದ ಜಾಹೀರಾತು. ಈ ಊರಿನಲ್ಲಿ ಮದುವೆಯ ಕೆಲಸ ಬರುವುದು ಛತ್ರದ ಮ್ಯಾನೇಜರು, ಅಡುಗೆ ಕಂಟ್ರಾಕ್ಟರು, ಪುರೋಹಿತರು ಇವರ ಬಾಯಿಮಾತಿನಿಂದ. ಅವರು ಹೇಳುವುದು ಹೊತ್ತಿಗೆ ಸರಿಯಾಗಿ ಬಂದು, ಮಂತ್ರಕ್ಕೆ ಅಡ್ಡ ನಿಲ್ಲದೆ ಕೆಲಸ ಮಾಡಿದವನ ಹೆಸರನ್ನು. ಒಂದು ಪುಟದ ಕರಾರು ಬರೆಯಿರಿ: ಎಷ್ಟು ಹೊತ್ತು, ಎಷ್ಟು ಚಿತ್ರ, ಎಷ್ಟು ಹಣ, ಒಡೆತನ ಯಾರದು, ಹೆಸರು ಎಲ್ಲಿ ಬರಬೇಕು. ಅರ್ಧ ಹಣ ಮುಂಗಡ ಬಾರದೆ ಕ್ಯಾಮರಾ ಚೀಲ ಮನೆಯಿಂದ ಹೊರಡಕೂಡದು. ಶಾಮಿಯಾನದವನಿಗೆ ಇರುವ ಧೈರ್ಯ ನಿಮಗೆ ಯಾಕಿಲ್ಲ?

ನಾನು ಕೇಳುವುದು ದೊಡ್ಡ ಸುಧಾರಣೆಯನ್ನಲ್ಲ. ಈ ವರ್ಷದಿಂದ ಮೈಸೂರಿನ ಪ್ರತಿಯೊಂದು ಸಂಘವೂ ಸಮಾರಂಭದ ಅಂದಾಜು ಪಟ್ಟಿಯಲ್ಲಿ ‘ಫೋಟೋ’ ಎಂಬ ಸಾಲಿನ ಎದುರು ಗೀಟಿನ ಬದಲು ಒಂದು ಅಂಕಿ ಬರೆಯಲಿ. ಹಾರಕ್ಕೆ ಇಟ್ಟಷ್ಟಾದರೂ ಅದಕ್ಕೆ ಇಡಲಿ. ಪ್ರಕಾಶಕರು ಲೇಖಕರ ಭಾವಚಿತ್ರಕ್ಕೆ ಹಣ ಕೊಟ್ಟು ರಸೀತಿ ಪಡೆಯಲಿ. ಸಂಪಾದಕರು ‘ಕೃಪೆ’ ಎಂಬ ಶಬ್ದವನ್ನು ದೇವರ ಪದಗಳಿಗೆ ಬಿಟ್ಟುಕೊಟ್ಟು, ಚಿತ್ರದ ಕೆಳಗೆ ‘ಚಿತ್ರ’ ಎಂದು ಬರೆದು ತೆಗೆದವನ ಹೆಸರನ್ನು ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಲಿ. ಹೆಸರು ತಿಳಿಯದಿದ್ದರೆ ವಿಚಾರಿಸಲಿ. ವಿಚಾರಿಸಿಯೂ ತಿಳಿಯದಿದ್ದರೆ ಆ ಚಿತ್ರವನ್ನು ಬಿಟ್ಟು, ಹೆಸರು ತಿಳಿದ ಇನ್ನೊಂದನ್ನು ಹಣ ಕೊಟ್ಟು ತರಲಿ.