ಚಳಿಗಾಲದಲ್ಲಿ ಕೋಳಿಗೆ ಬೇಕಾದುದು ಗಾಳಿಮರೆ, ಉಸಿರುಗಟ್ಟಿಸುವ ಗೂಡಲ್ಲ

ಮಾಗಿಯ ಚಳಿ ಬಿದ್ದೊಡನೆ ಕೋಳಿ ಸಾಕಿದ ಮನೆಗಳಲ್ಲಿ ಕೇಳಿಬರುವ ದೂರು ಎರಡು: ಮೊಟ್ಟೆ ಕಡಿಮೆಯಾಯಿತು, ಕೋಳಿಗೆ ಮೂಗು ಸೋರುತ್ತಿದೆ. ಚಳಿ ತಡೆಯಲೆಂದು ಗೂಡಿನ ಕಿಂಡಿಗಳಿಗೆಲ್ಲ ಗೋಣಿಚೀಲ ತುರುಕಿ, ಸುತ್ತ ಪ್ಲಾಸ್ಟಿಕ್ ಹಾಳೆ ಬಿಗಿಯುವವರು ಅನೇಕರು. ಹತ್ತು ಕೋಳಿಗಳನ್ನು ಒಂದೇ ಮಂಕರಿಯಡಿ ಕವುಚುವವರೂ ಉಂಟು. ಉದ್ದೇಶ ಒಳ್ಳೆಯದೇ, ಫಲ ಮಾತ್ರ ವಿಪರೀತ. ಮನೆಯ ಹೆಣ್ಣುಮಕ್ಕಳ ಕೈಗೆ ವಾರವಾರ ನಾಲ್ಕು ಕಾಸು ತರುವ ಕೋಳಿ ಹೀಗೆ ಹಾಳಾಗಬಾರದು.

ಬೆಳೆದ ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಪುಕ್ಕ ಉಬ್ಬಿಸಿ, ಅದರ ನಡುವೆ ಬೆಚ್ಚನೆಯ ಗಾಳಿ ಹಿಡಿದಿಟ್ಟುಕೊಂಡು ಕುಳಿತರೆ ಬೀದರ, ವಿಜಯಪುರದ ಕಡೆಯ ಜನವರಿ ರಾತ್ರಿಯನ್ನೂ ಅದು ಕಳೆಯಬಲ್ಲದು. ಆದರೆ ಪುಕ್ಕ ಒದ್ದೆಯಾದರೆ ಆ ಹೊದಿಕೆ ಕೆಲಸಕ್ಕೆ ಬಾರದು. ಪೂರ್ತಿ ಮುಚ್ಚಿದ ಗೂಡಿನಲ್ಲಿ ಉಸಿರಿನ ತೇವವೂ ಹಿಕ್ಕೆಯ ತೇವವೂ ಒಳಗೇ ನಿಂತು, ಅಮೋನಿಯಾ ಹುಟ್ಟಿ, ಕೋಳಿಯ ಕಣ್ಣು ಮತ್ತು ಶ್ವಾಸನಾಳಗಳನ್ನು ಕೆಡಿಸುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ನಿಮ್ಮ ಮೂಗಿಗೆ ಘಾಟು ಹೊಡೆದರೆ, ರಾತ್ರಿಯಿಡೀ ಅದನ್ನೇ ಕುಡಿದ ಕೋಳಿಯ ಪಾಡೇನೆಂದು ಯೋಚಿಸಿರಿ. ಒಳಗೆ ಕೆಂಡದ ಬಾಂಡಲಿ ಇಡುವುದಂತೂ ಬೇಡವೇ ಬೇಡ. ಅದರ ವಿಷಗಾಳಿಗೆ ಕೋಳಿ ಸಾಯುತ್ತದೆ.

ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಮೂಡಲು-ಬಡಗಲಿನಿಂದ. ಆ ಎರಡು ಕಡೆ ಕೋಳಿ ಕೂರುವ ಎತ್ತರದವರೆಗೆ ತಟ್ಟಿಯನ್ನೋ ಗೋಣಿಯನ್ನೋ ಕಟ್ಟಿದರೆ ಸಾಕು. ಸೂರಿನ ಕೆಳಗೆ ಒಂದು ಗೇಣು ತೆರವು ಇರಲಿ, ಅದಕ್ಕೆ ಬೆಕ್ಕು, ಮುಂಗುಸಿ ನುಸುಳದಂತೆ ಜಾಲರಿ ಹೊಡೆಯಿರಿ.

ಸುಧಾರಿತ ತಳಿಯ ಮರಿಗಳನ್ನು ಹಂಚುವಾಗ ಮೇವು, ಲಸಿಕೆಗಳ ಮಾತು ಬರುತ್ತದೆ. ಅವು ರಾತ್ರಿ ಎಲ್ಲಿ ಕೂರಬೇಕೆಂಬ ಮಾತು ಅಪರೂಪ. ನಾಟಿ ಕೋಳಿ ನುಗ್ಗೆಮರವನ್ನೋ ಕೊಟ್ಟಿಗೆಯ ತೊಲೆಯನ್ನೋ ಹಾರಿ ಹಿಡಿಯುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜದಂಥ ಭಾರದ ಕೋಳಿಗೆ ಅದು ಸಾಧ್ಯವಿಲ್ಲ. ತಣ್ಣನೆಯ ಒದ್ದೆ ನೆಲದ ಮೇಲೆಯೇ ಮುದುರಿ ಕೂರುತ್ತದೆ. ಅದಕ್ಕೆ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಅಡ್ಡಗಳು ಕಟ್ಟಿಕೊಡಿ. ಹೆಚ್ಚು ಎತ್ತರವಾದರೆ ಇಳಿಯುವಾಗ ಧುಮುಕಿ ಅಂಗಾಲು ಊದಿಸಿಕೊಳ್ಳುತ್ತದೆ. ಸಣ್ಣ ಕೋಲಿಗಿಂತ ಎರಡು ಅಂಗುಲ ಅಗಲದ, ಅಂಚು ಸವರಿದ ರೀಪು ಮೇಲು. ಅದರ ಮೇಲೆ ಕುಳಿತ ಕೋಳಿಯ ಬೆರಳುಗಳನ್ನು ಎದೆಯ ಪುಕ್ಕವೇ ಮುಚ್ಚುತ್ತದೆ. ಕಬ್ಬಿಣದ ಕೊಳವೆ ಚಳಿಯಲ್ಲಿ ಕೊರೆಯುತ್ತದೆ, ಬೇಡ. ಕೋಳಿಗೊಂದಕ್ಕೆ ಒಂದು ಗೇಣು ಜಾಗ ಬಿಟ್ಟು, ಎಲ್ಲ ರೀಪುಗಳನ್ನೂ ಒಂದೇ ಮಟ್ಟದಲ್ಲಿ ಕಟ್ಟಬೇಕು. ಇಲ್ಲವಾದರೆ ಮೇಲಿನದಕ್ಕೆ ಸಂಜೆಯಾದೊಡನೆ ಜಗಳ. ಕೆಳಗೆ ಭತ್ತದ ಹೊಟ್ಟು ಹರಡಿ, ಒದ್ದೆಯಾದುದನ್ನು ದಿನವೂ ತಿಪ್ಪೆಗೆ ಸಾಗಿಸಿರಿ.

ಮೊಟ್ಟೆ ಇಳಿದುದಕ್ಕೆಲ್ಲ ಚಳಿಯೇ ಕಾರಣವಲ್ಲ. ಡಿಸೆಂಬರಿನಲ್ಲಿ ಹಗಲು ಹನ್ನೊಂದೂಕಾಲು ಗಂಟೆಯ ಆಸುಪಾಸು. ಕೋಳಿ ಚೆನ್ನಾಗಿ ಮೊಟ್ಟೆಯಿಡಲು 14ರಿಂದ 16 ಗಂಟೆ ಬೆಳಕು ಬೇಕು. ಮೊಟ್ಟೆಗೆಂದೇ ಸಾಕಿದವರು ನಸುಕಿನಲ್ಲಿ ಒಂದು ದೀಪ ಹಾಕಬಹುದು. ಸಂಜೆ ಹಾಕಿ ತಟ್ಟನೆ ಆರಿಸಿದರೆ ಕತ್ತಲಲ್ಲಿ ಕೋಳಿಗೆ ಅಡ್ಡಗಳು ಸಿಗದು. ಗೂಡಿಗೆ ಹೋಗುವ ಮುನ್ನ ಒಂದು ಹಿಡಿ ಜೋಳವನ್ನೋ ಸಜ್ಜೆಯನ್ನೋ ಎರಚಿರಿ. ತುಂಬಿದ ಮೇವಿನ ಚೀಲ ರಾತ್ರಿಯಿಡೀ ಮೈ ಕಾಯಿಸುತ್ತದೆ.

ಈ ಮಾತುಗಳೆಲ್ಲ ಪುಕ್ಕ ಬಂದ ಕೋಳಿಗೆ. ಎಳೆಯ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು, ಆಮೇಲೆ ವಾರವಾರ ಮೂರು ಡಿಗ್ರಿಯಂತೆ ಇಳಿಸಬಹುದು. ತಾಯಿಕೋಳಿ ಇಲ್ಲದವರು ಮಾಗಿ ಕಳೆದ ಮೇಲೆ ಮರಿ ತರುವುದೇ ಲೇಸು.