ಗೃಹಾರೋಗ್ಯ: ಔಷಧವು ಮುಗಿದ ಮೇಲೆ



ರೋಗವು ಬಂದಾಗ ಮಾಡತಕ್ಕದ್ದನ್ನು ಹೇಳುವವರು ಬಹಳ. ಔಷಧವು ಮುಗಿದ ಮೇಲೆ ಮಾಡತಕ್ಕದ್ದನ್ನು ಹೇಳುವವರು ವಿರಳ. ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆಯನ್ನು ಕಳೆದ ವರುಷ ಮುಗಿಸಿದ ನಾನು ಇದನ್ನು ಅನುಭವದಿಂದ ಬರೆಯುತ್ತಿರುವೆನು. ಮೊದಲೆರಡು ತಿಂಗಳು ನಾಲ್ಕು ಔಷಧಗಳು, ಮುಂದಿನ ನಾಲ್ಕು ತಿಂಗಳು ಮೂರು. ಕಡೆಗೆ ಕಫದಲ್ಲಿ ರೋಗಜಂತುಗಳು ಕಾಣದಿರಲು ಚಿಕ್ಕೋಡಿಯ ವೈದ್ಯರು, "ಇನ್ನು ಗುಳಿಗೆ ಸಾಕು, ಮಾಸ್ತರರೇ" ಎಂದರು. ಆ ದಿನ ಹರ್ಷಕ್ಕಿಂತ ಭಯವೇ ಹೆಚ್ಚಾಯಿತೆಂದರೆ ನಂಬುವಿರಾ? ಇಷ್ಟು ದಿನ ಗುಳಿಗೆಯು ನನ್ನನ್ನು ಕಾಯುತ್ತಿತ್ತು, ಇನ್ನು ಕಾಯುವವರಾರು?

ಅಥಣಿ, ಕಾಗವಾಡ, ರಾಯಬಾಗಗಳ ಜನಕ್ಕೆ ಮಿರಜೆಯು ಹಿಂದಿನಿಂದಲೂ ಚಿಕಿತ್ಸೆಯ ಊರು. ಡಾಕ್ಟರ ವಾನ್ಲೆಸರು 1894ರಲ್ಲಿ ಅಲ್ಲಿ ಆಸ್ಪತ್ರೆಯನ್ನು ತೆರೆದರು; ಮುಂದೆ ಸಮೀಪದಲ್ಲಿಯೇ ಕ್ಷಯರೋಗಿಗಳ ಆರೋಗ್ಯಧಾಮವೂ ಆಯಿತು. ಅಂಥಲ್ಲಿಂದ ಮರಳಿದವನಿಗೆ ದಾಟಿ ಬಂದ ಬಾಗಿಲೊಂದಾದರೂ ಇತ್ತು. ಆದರೆ 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಯೋಗವು, ಮನೆಯಲ್ಲಿಯೇ ಔಷಧ ಕೊಟ್ಟರೂ ಆರೋಗ್ಯಧಾಮದಷ್ಟೇ ಗುಣವುಂಟೆಂಬುದನ್ನು ತೋರಿಸಿತು. ಅಂದಿನಿಂದ ಮನೆಯೇ ಚಿಕಿತ್ಸಾಲಯ. ಇದರಿಂದ ಬಡವರಿಗೆ ಮಹದುಪಕಾರವಾಯಿತು. ಆದರೆ ಮನೆಯಲ್ಲಿ ರೋಗಿಯಾಗಿ ಮಲಗಿದ ಮೂಲೆಯಿಂದಲೇ ಗುಣವಾದವನಾಗಿಯೂ ಏಳಬೇಕಾಗುತ್ತದೆ. ಆ ಏಳುವಿಕೆಯು ಒಂದು ದಿನದಲ್ಲಾಗದು.

ಮೊದಲ ವಾರ ಪೇಟೆಗೆ ಹೊರಟು ಅರ್ಧ ದಾರಿಯಲ್ಲಿ ಏದುಸಿರಾಗಿ ಒಂದು ಕಟ್ಟೆಯ ಮೇಲೆ ಕುಳಿತೆನು. ರೋಗವು ಮರಳಿತೆಂದೇ ಬಗೆದೆನು. ಗುಣವಾದ ಶ್ವಾಸಕೋಶದಲ್ಲಿಯೂ ಗಾಯದ ಕಲೆ ಉಳಿದು ಏದುಸಿರಾಗಬಹುದೆಂದು ವೈದ್ಯರು ಪರೀಕ್ಷಿಸಿ ತಿಳಿಸಿದರು. ಆಗ ಚರಕಸಂಹಿತೆಯ ಸಂಸರ್ಜನಕ್ರಮವು ನೆನಪಾಯಿತು. ಶೋಧನವಾದವನಿಗೆ ಮೊದಲು ತಿಳಿಗಂಜಿ, ಬಳಿಕ ಗಟ್ಟಿಗಂಜಿ, ಆಮೇಲೆ ಬೇಳೆಯ ಕಟ್ಟು. ಸಣ್ಣ ಕಿಡಿಯನ್ನು ಹುಲ್ಲು, ಕುಳ್ಳುಗಳಿಂದ ಬೆಳೆಸಿದಂತೆ ಜಠರಾಗ್ನಿಯನ್ನು ಬೆಳೆಸಬೇಕೆಂದು ಅಲ್ಲಿ ಹೇಳಿದೆ. ಅದು ಕ್ಷಯಕ್ಕಾಗಿ ಹೇಳಿದುದಲ್ಲ. ಆದರೂ ಆ ನ್ಯಾಯವು ನಡಿಗೆಗೆ ಸಲ್ಲುವುದು. ಒಂದು ವಾರ ತುಲಸಿಕಟ್ಟೆಯವರೆಗೆ, ಮತ್ತೊಂದು ವಾರ ಗುಡಿಯವರೆಗೆ, ತಿಂಗಳ ಮೇಲೆ ಪೇಟೆಯವರೆಗೆ ನಡೆದೆನು. ಊಟವಾದರೋ ಗಂಜಿಯಲ್ಲಿಯೇ ನಿಲ್ಲಬಾರದು: ಜೋಳದ ರೊಟ್ಟಿ, ಬೇಳೆ, ಶೇಂಗಾ, ಹಾಲು, ಉಣ್ಣುವವರಿಗೆ ತತ್ತಿ. ನಿಪ್ಪಾಣಿಯ ತಂಬಾಕು ಹಲವರಿಗೆ ಅನ್ನ ಕೊಟ್ಟಿದೆ, ನಿಜ. ಗುಣವಾದವನ ಬಾಯಿಗೆ ಮಾತ್ರ ಅದು ಬೇಡ.

ದೇಹಕ್ಕಿಂತ ಮನಸ್ಸು ನಿಧಾನ. ನನ್ನ ತಂಬಿಗೆ, ತಾಟುಗಳನ್ನು ಬೇರೆ ಇಟ್ಟವರು ಮನೆಯವರಲ್ಲ, ನಾನೇ. ಮೊಮ್ಮಗನು ತೊಡೆಯೇರಲು ಬಂದರೆ ಮುಖ ತಿರುಗಿಸುತ್ತಿದ್ದೆನು. ಒಂದು ಸಂಜೆ ನನ್ನಾಕೆ ಎಲ್ಲರ ಸಾಲಿನಲ್ಲಿ ನನ್ನ ತಾಟನ್ನು ಇಟ್ಟು, "ಬ್ಯಾನಿ ಹೋತು, ನೀವು ಇನ್ನೂ ಬಂದಿಲ್ಲಲ್ರಿ?" ಎಂದಳು. ಉತ್ತರ ಹೊಳೆಯಲಿಲ್ಲ, ಬಂದು ಕುಳಿತೆನು. ಕ್ಷಯವು ರೋಗಿಯ ಕೆಮ್ಮಿನಿಂದ ಗಾಳಿಯಲ್ಲಿ ಹರಡತಕ್ಕದ್ದು, ತಾಟು ತಂಬಿಗೆಗಳಿಂದಲ್ಲ. ಇದನ್ನು ಬಲ್ಲ ನಾನೇ ಅದನ್ನು ನಂಬಿರಲಿಲ್ಲ.

ಮರುದಿನದಿಂದ ಮೊಮ್ಮಗನಿಗೆ ರಾಮಶಬ್ದವನ್ನು ಹೇಳಿಕೊಡತೊಡಗಿದೆನು. ಮೊದಲು ಎರಡು ವಿಭಕ್ತಿಗಳಿಗೇ ಉಸಿರು ನಿಲ್ಲುತ್ತಿತ್ತು. ಮೂರು ತಿಂಗಳಲ್ಲಿ ಏಳೂ ಒಂದೇ ಉಸಿರಿನಲ್ಲಿ ಬಂದವು. ಅಷ್ಟರಲ್ಲಿ ಭಯವು ಯಾವಾಗ ಹೋಯಿತೋ ತಿಳಿಯದು.

ನಿರ್ಭಯವೆಂದರೆ ಅಲಕ್ಷ್ಯವಲ್ಲ. ಚಿಕಿತ್ಸೆ ಮುಗಿದ ಮೇಲೆ 6, 12, 18, 24ನೆಯ ತಿಂಗಳುಗಳಲ್ಲಿ ತಪಾಸಣೆಗೆ ಹೋಗತಕ್ಕದ್ದು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿತ, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ತಿಂಗಳೆಣಿಸದೆ ಕೂಡಲೆ ಹೋಗಬೇಕು. ನಿದ್ರೆ ಬಾರದೆ ಚಿಂತೆಯೇ ಕಾಡುತ್ತಿದ್ದರೆ ಅದನ್ನೂ ವೈದ್ಯರೆದುರು ಹೇಳಲು ನಾಚಬಾರದು.

ಗೃಹಸ್ಥರೇ, ನಿಮ್ಮ ಮನೆಯಲ್ಲಿ ಇಂಥ ಚಿಕಿತ್ಸೆ ಮುಗಿಸಿದವರಿದ್ದರೆ, "ಹೇಗಿದೆ?" ಎಂದು ಗಳಿಗೆಗೊಮ್ಮೆ ಕೇಳಬೇಡಿರಿ. ಅವರ ಶಕ್ತಿಗೆ ತಕ್ಕ ಒಂದು ಕೆಲಸವನ್ನು ಒಪ್ಪಿಸಿರಿ, ತಾಟನ್ನು ಸಾಲಿನಲ್ಲಿಡಿರಿ.