ಕ್ರಿಯಾಪದದ ಅನುವಾದ ಮತ್ತು ಭಾಷಾಬೋಧನೆ

ಪರಭಾಷೆಯನ್ನು ಕಲಿಸುವುದೆಂದರೆ ಪದಕ್ಕೆ ಪದವನ್ನು ಒದಗಿಸುವುದೆಂಬ ಭಾವನೆ ನಮ್ಮ ಶಿಕ್ಷಣಕ್ರಮದಲ್ಲಿ ಬಹುಕಾಲದಿಂದ ಬೇರೂರಿದೆ. ಇದು ಎಷ್ಟು ದುರ್ಬಲವೆಂಬುದನ್ನು ಮನಗಾಣಲು ಇಂಗ್ಲಿಷಿನ 'ಟು ಬಿ' ಎಂಬ ಕ್ರಿಯಾಪದವನ್ನು ಸ್ಪ್ಯಾನಿಷ್ ಭಾಷೆಗೆ ತರುವ ಪ್ರಯತ್ನವೊಂದೇ ಸಾಕು.

ಇಂಗ್ಲಿಷಿನ ಈ ಒಂದು ಕ್ರಿಯಾಪದಕ್ಕೆ ಸ್ಪ್ಯಾನಿಷಿನಲ್ಲಿ ಮುಖ್ಯವಾಗಿ 'ಸೇರ್' ಮತ್ತು 'ಎಸ್ತಾರ್' ಎಂಬ ಎರಡು ಕ್ರಿಯಾಪದಗಳಿವೆ. ವಸ್ತು ಏನು, ಎಂತಹುದು ಎಂಬುದನ್ನು ಮೊದಲನೆಯದು ಹೇಳಿದರೆ, ಅದು ಎಲ್ಲಿ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಎರಡನೆಯದು ಹೇಳುತ್ತದೆ. 'ಎಸ್ ಲಿಸ್ತೊ' ಎಂದರೆ ಅವನು ಜಾಣ. 'ಎಸ್ತಾ ಲಿಸ್ತೊ' ಎಂದರೆ ಅವನು ಸಿದ್ಧನಾಗಿದ್ದಾನೆ. ಉಪಾಧ್ಯಾಯರನ್ನು ಕುರಿತು 'ಎಸ್ತಾ ಅಬುರ್ರಿದೊ' ಎಂದರೆ ಅವರಿಗೆ ಬೇಸರವಾಗಿದೆ ಎಂದರ್ಥ. 'ಎಸ್ ಅಬುರ್ರಿದೊ' ಎಂದರೆ ಅವರೇ ಬೇಸರ ಹುಟ್ಟಿಸುವವರೆಂದಾಗುತ್ತದೆ! 'ಎಸ್ತಾರ್' ಶಬ್ದದ ಮೂಲ ಲ್ಯಾಟಿನ್ನಿನ 'ಸ್ತಾರೆ', ಅಂದರೆ ನಿಲ್ಲು. 'ಸ್ಥಿತಿ' ಶಬ್ದವನ್ನು ನಮಗಿತ್ತ ಸಂಸ್ಕೃತದ 'ಸ್ಥಾ' ಧಾತು ಅದರ ಬಂಧು. 'ಎಸ್' ಎಂಬ ರೂಪವಾದರೋ 'ಅಸ್ತಿ'ಯ ಬಂಧು.

ಶಾಶ್ವತವಾದುದಕ್ಕೆ 'ಸೇರ್', ತಾತ್ಕಾಲಿಕವಾದುದಕ್ಕೆ 'ಎಸ್ತಾರ್' ಎಂಬ ಸೂತ್ರವನ್ನು ಅನೇಕರು ಬಾಯಿಪಾಠ ಮಾಡಿಸುತ್ತಾರೆ. ಸಾವಿಗಿಂತ ಶಾಶ್ವತವಾದುದು ಬೇರೇನಿದೆ? ಆದರೂ ಸ್ಪ್ಯಾನಿಷ್ ನುಡಿಯುವವರು 'ಎಸ್ತಾ ಮುಯೆರ್ತೊ' ಎಂದೇ ಹೇಳುತ್ತಾರೆ. ಅದು ಒಂದು ಘಟನೆಯ ಫಲವಾಗಿ ಒದಗಿದ ಸ್ಥಿತಿ. ಕನ್ನಡಿಗನಿಗೆ ಇದು ಸೋಜಿಗವೇನಲ್ಲ. ನಮ್ಮ 'ಸತ್ತಿದ್ದಾನೆ' ಎಂಬಲ್ಲಿಯೂ 'ಇರು' ಧಾತುವಿದೆಯಷ್ಟೆ. 'ಅವನು ವೈದ್ಯ' ಎನ್ನಲು ನಮಗೆ ಕ್ರಿಯಾಪದವೇ ಬೇಡ; 'ಅವನು ಮನೆಯಲ್ಲಿದ್ದಾನೆ' ಎನ್ನಲು ಬೇಕು. ಇಂಗ್ಲಿಷ್ ಮರೆಮಾಡುವ ಭೇದವನ್ನು ನಮ್ಮ ತಾಯ್ನುಡಿ ಬಹುಮಟ್ಟಿಗೆ ತೋರಿಸಿಕೊಡುತ್ತದೆ.

ಆದರೆ ಈ ಸಾಮ್ಯವನ್ನೂ ಸೂತ್ರವಾಗಿಸಲಾಗದು. ಪುಸ್ತಕ ಶಾಲೆಯಲ್ಲಿದೆ ಎನ್ನುವಾಗ 'ಎಸ್ತಾ' ಬರುತ್ತದೆ. ಸಭೆ ಶಾಲೆಯಲ್ಲಿದೆ ಎನ್ನುವಾಗ, ಸಭೆಯು ನಡೆಯುವ ಸಂಗತಿಯಾದುದರಿಂದ, 'ಎಸ್' ಬರುತ್ತದೆ. ಆದುದರಿಂದ ಕ್ರಿಯಾಪದವನ್ನು ಒಂಟಿಯಾಗಿ ಕಲಿಸದೆ ವಾಕ್ಯದೊಡನೆ, ಸಂದರ್ಭದೊಡನೆ ಕಲಿಸುವುದೇ ಸರಿಯಾದ ಮಾರ್ಗ.

ಕನ್ನಡ ಮಾಧ್ಯಮದಲ್ಲಿ ಓದಿದವನು ಯುರೋಪಿನ ಭಾಷೆಗಳಿಗೆ ಇಂಗ್ಲಿಷಿನ ಬಾಗಿಲಿನಿಂದಲೇ ಪ್ರವೇಶಿಸಬೇಕೆಂಬ ನಂಬಿಕೆ ನಮ್ಮಲ್ಲಿ ಪ್ರಬಲವಾಗಿದೆ. ಈ ನಂಬಿಕೆ ಅನೇಕ ಸಮರ್ಥ ವಿದ್ಯಾರ್ಥಿಗಳನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ. ತಾಯ್ನುಡಿಯ ವ್ಯಾಕರಣವನ್ನು ಚೆನ್ನಾಗಿ ಅರಿತವನಿಗೆ ಅನ್ಯಭಾಷೆಯ ಅರ್ಧದಾರಿ ಸುಗಮವಾದಂತೆಯೇ ಸರಿ. ಕನ್ನಡ ವ್ಯಾಕರಣದ ಅವಧಿಯನ್ನು ಪರೀಕ್ಷೆಯ ಕೆಲವು ಅಂಕಗಳಿಗೆ ಸೀಮಿತಗೊಳಿಸದೆ, ಜಗತ್ತಿನ ಭಾಷೆಗಳಿಗೆ ಬಾಗಿಲೆಂದು ಬಗೆದು ಬೋಧಿಸುವ ಹೊಣೆ ಉಪಾಧ್ಯಾಯರದು. ಅದಕ್ಕೆ ಬೇಕಾದ ಗ್ರಂಥಗಳನ್ನೂ ಅವಕಾಶವನ್ನೂ ಒದಗಿಸುವ ಹೊಣೆ ವಿದ್ಯಾಭಿಮಾನಿಗಳೆಲ್ಲರದು.